ಕರಿಬಟ್ಟೆಯೊಳಗೆ ಕಂಡ ಕೆಂಪು

ನಿಮ್ಮ ಗಂಡನನ್ನು ಎಂದಾದರೂ ತಲೆಕೆಳಗಾಗಿ ನೇತುಹಾಕಿ ನೋಡಿದ್ದೀರಾ? ನಾನು ನೋಡಿದ್ದೇನೆ, ಕೆ.ಆರ್. ಪೇಟೆಯ ಒಂದು ಹಳೇ ಸ್ಟುಡಿಯೊದಲ್ಲಿ. ಅವರಿಗೆ ಎಳ್ಳಷ್ಟೂ ನೋವಾಗಲಿಲ್ಲ.

ಮೊಮ್ಮಗಳು ಪಾಂಡವಪುರದಲ್ಲಿ ಸ್ಟುಡಿಯೊ ಇಡಲು ಹೊರಟಿದ್ದಾಳೆ. ಮರದ ದೊಡ್ಡ ಕ್ಯಾಮೆರಾದಲ್ಲಿ, ಹಿಂದಿನವರಂತೆ ಮೊಗ್ಗಿನ ಜಡೆಯ ಫೋಟೊ ತೆಗೆಯಬೇಕಂತೆ: ಬಸುರಿಯ ಮುಖ ಮುಂದೆ, ಜಡೆ ಬೆನ್ನ ಹಿಂದಿನ ಕನ್ನಡಿಯಲ್ಲಿ. ನನ್ನ ಮೊಗ್ಗಿನ ಜಡೆಯ ಫೋಟೊ ತೆಗೆಸಿದ್ದು ಕೆ.ಆರ್. ಪೇಟೆಯ ಆ ಹಳೇ ಸ್ಟುಡಿಯೊದಲ್ಲೇ. ಈಗ ಅದನ್ನು ಮುಚ್ಚುತ್ತಿದ್ದಾರೆ. ಮಾರಲು ಎರಡು ಕ್ಯಾಮೆರಾ ಇದ್ದವು. ಅವಳ ಕೈಲಿದ್ದ ದುಡ್ಡಿಗೆ ಬರುವುದು ಒಂದೇ. ತಪ್ಪು ಆರಿಸಿದರೆ ಅವಳ ಸ್ಟುಡಿಯೊ ಅಲ್ಲಿಗೇ ನಿಂತಂತೆ.

ಒಂದು ಹಿತ್ತಾಳೆ ಹೊಳೆಯುವಂಥದ್ದು.

"ಇದೇ ತಗೊ ಕಣಮ್ಮಿ, ಮದ್ವಣ್ಗಿತ್ತಿ ಇದ್ದಂಗದೆ," ಎಂದೆ.

"ಸುಮ್ಕಿರಜ್ಜಿ, ಒಳ್ಗಡೆ ನೋಡ್ಬೇಕು."

ಬಾಗಿಲು ಮುಚ್ಚಿಸಿ, ಹಾರ್ಮೋನಿಯಂ ತಿದಿಯಂಥ ಅದರ ಕರಿಚರ್ಮದೊಳಗೆ ಟಾರ್ಚು ಹಿಡಿದಳು. ಮಡಿಕೆ ಮಡಿಕೆಯಲ್ಲೂ ಬೆಳಕಿನ ಚುಕ್ಕಿ!

"ಇಷ್ಟು ತೂತಿದ್ರೆ ಬೆಳಕು ನುಗ್ಗಿ ಫಿಲ್ಮೆಲ್ಲ ಕೆಟ್ಟೋಯ್ತದೆ."

ಇನ್ನೊಂದು ಬಣ್ಣ ಹೋದದ್ದು, ಗೀರು ಬಿದ್ದದ್ದು. ಅದರೊಳಗೆ ಟಾರ್ಚು ಹಿಡಿದರೆ ಎಲ್ಲೂ ಒಂದು ಚುಕ್ಕಿಯಿಲ್ಲ.

"ನಿಮ್ ಕಾಲದ ಜಡೆಗಳ್ನೆಲ್ಲ ನಮ್ಮಪ್ಪ ತೆಗ್ದಿದ್ದು ಇದ್ರಲ್ಲೇ ಕಣವ್ವಾ," ಎಂದರು ಸ್ಟುಡಿಯೊದವರು.

ಆದರೂ ಮೊಮ್ಮಗಳ ಮುಖ ಸಣ್ಣಗಾಯಿತು. "ಈ ಮುದಿ ಪೆಟ್ಗೆ ನೋಡಿ ಯಾರಜ್ಜಿ ಬತ್ತಾರೆ?"

ನಾನು ಬಾಗಿಲು ತೆಗೆಸಿದೆ. ನಮ್ಮ ಜೊತೆ ಬಂದಿದ್ದ ಯಜಮಾನರನ್ನು ಕನ್ನಡಿಯ ಮುಂದೆ ಕೂರಿಸಿ, ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದೆ.

ಕ್ಯಾಮೆರಾದ ಹಿಂಬದಿಯ ಮಸಕು ಗಾಜಿನ ಮೇಲೆ ಅವರು ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಿದ್ದರು. ನಾನು ಬೆರಗಾದದ್ದು ಅದಕ್ಕಲ್ಲ. ಅವರ ಹೆಗಲ ಟವಲು ಕೆಂಪಗಿತ್ತು! ನಮ್ಮ ಮನೆ ಗೋಡೆಯ ಮೇಲಿರುವ ನನ್ನ ಜಡೆಯ ಫೋಟೊ ಕಪ್ಪುಬಿಳುಪು. ಈ ಪೆಟ್ಟಿಗೆಯ ಕಣ್ಣಿಗೆ ಬಣ್ಣವೇ ತಿಳಿಯದೆಂದು ನಾನು ಇಷ್ಟು ಕಾಲ ನಂಬಿದ್ದೆ. ಹಾಗಾದರೆ ಅವತ್ತು ನನ್ನ ಕನಕಾಂಬರ, ಗಿಳಿಹಸಿರು ಸೀರೆ, ಎಲ್ಲ ಇದೇ ಗಾಜಿನ ಮೇಲೆ ಬೆಳಗಿತ್ತು. ಫೋಟೊ ತೆಗೆದವರೊಬ್ಬರೇ ಅದನ್ನು ಕಂಡಿದ್ದರು. ಉಸಿರು ಬಿಟ್ಟರೆ ಎಲ್ಲಿ ಅಳಿಸಿಹೋಗುವುದೋ ಎಂದು ಹಾಗೇ ನಿಂತೆ.

ಮೊಮ್ಮಗಳನ್ನೂ ಬಟ್ಟೆಯೊಳಗೆ ಎಳೆದುಕೊಂಡೆ. ಅವಳು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು.

"ಬಂದೋರ್ನೆಲ್ಲ ಮೊದ್ಲು ಇದ್ರೊಳಕ್ಕೆ ಬಗ್ಗುಸ್ತೀನಿ ಕಣಜ್ಜಿ," ಎಂದಳು ಮೆಲ್ಲಗೆ. "ಇದೇ ಇರ್ಲಿ."

ನನಗೆ ತಡೆಯಲಾಗಲಿಲ್ಲ. ಒಳಗಿನಿಂದಲೇ ಕೂಗಿದೆ: "ಏನೂಂದ್ರೆ, ಎಷ್ಟ್ ಬಣ್ಣವಾಗಿ ಕಾಣ್ತಿದ್ದೀರ ಗೊತ್ತಾ!"

ಗಾಜಿನಲ್ಲಿ ತಲೆಕೆಳಗಾದ ಮೀಸೆ ಅಲ್ಲಾಡಿತು.

"ಇಷ್ಟ್ ದಿನ ಕಪ್ಪುಬಿಳುಪಾಗಿದ್ನಾ? ಕರಿಬಟ್ಟೆ ಹೊದ್ಕಂಡ್ರೇನೇ ನಿಂಗೆ ನಾನು ಕಾಣಾದು ಅಂದ್ರೆ, ಮನೇಗೂ ಒಂದ್ ಹೊಲಿಸ್ಕೊ ಕಣಮ್ಮಿ!"