ಟೈಲರಕ್ಕ ಹಗಲು ಮಲಗಿದ್ದು

ನಮ್ಮ ಬೀದಿಯ ಟೈಲರಕ್ಕ ಇಪ್ಪತ್ತಾರು ವರ್ಷ ಎರಡು ಯಂತ್ರ ನಡೆಸಿದವಳು. ಮುಂದಿನ ಕೋಣೆಯಲ್ಲಿ ಹೊಲಿಗೆಯದು, ಹಿಂದಿನ ಕೋಣೆಯಲ್ಲಿ ಸಂಸಾರದ್ದು. ತಿಂಗಳಿಗೊಮ್ಮೆ ಎಣ್ಣೆ ಕಾಣುತ್ತಿದ್ದುದು ಮೊದಲನೆಯದು ಮಾತ್ರ.

ಈಚೆಗೆ ಅವಳಿಗೆ ಊಟ ಕಂಡರೆ ವಾಕರಿಕೆ, ಸಂಜೆಯಾದರೆ ಮೈಯೆಲ್ಲ ತುರಿಕೆ, ಮೆಷಿನ್ ತುಳಿಯಲಾಗದಷ್ಟು ಸುಸ್ತು. "ವಯಸ್ಸಾಯ್ತಲ್ಲ" ಎಂದು ಗಂಡ ತೀರ್ಪು ಕೊಟ್ಟ. ರಕ್ತಪರೀಕ್ಷೆ ಆ ತೀರ್ಪನ್ನು ಒಪ್ಪಲಿಲ್ಲ. ಹೆಪಟೈಟಿಸ್ ಬಿ, ಬಹಳ ಹಳೆಯದು.

ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಬರೆದರು. "ನನ್ನ ಕೇಳದೆ ನಿಲ್ಲಿಸೋ ಹಾಗಿಲ್ಲ. ಸ್ವಲ್ಪಸ್ವಲ್ಪ ತಿನ್ನಿ, ಸಡಿಲ ಬಟ್ಟೆ ಹಾಕಿ, ತುರಿಕೆಗೆ ತಣ್ಣೀರ ಬಟ್ಟೆ ಇಡಿ. ಸುಸ್ತಾದ್ರೆ ಮಲಗಿ."

"ಮಲಗೋದಾ? ಅದನ್ನೂ ಚೀಟೀಲಿ ಬರ್ದುಕೊಡಿ ಡಾಕ್ಟ್ರೆ, ಮನೇಲಿ ನಂಬಲ್ಲ."

ಚೀಟಿ ಬೇಕಾಗಲಿಲ್ಲ. ಅಂಟುವ ಕಾಯಿಲೆ ಎಂಬ ಒಂದು ಮಾತು ಸಾಕಾಯಿತು. ಅವಳ ತಟ್ಟೆ, ಲೋಟ ಬೇರೆಯಾದವು. ಅತ್ತೆ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, "ಏನೂ ಮುಟ್ಬೇಡ ತಾಯಿ" ಎಂದರು. ಅಕ್ಕನ ಕಣ್ಣು ತುಂಬಿತು. ಹೋಗಿ ಮಲಗಿದಳು. ಮಧ್ಯಾಹ್ನ ಎರಡು ಗಂಟೆಗೆ, ಮದುವೆಯಾದ ಮೇಲೆ ಮೊದಲ ಸಲ! ಎದ್ದಾಗ ಕಣ್ಣು ಒಣಗಿತ್ತು, ಬುದ್ಧಿ ಚುರುಕಾಗಿತ್ತು.

ಇದು ರಕ್ತದಿಂದ, ಗಂಡಹೆಂಡಿರ ಕೂಡುವಿಕೆಯಿಂದ ಹರಡುತ್ತದೆ, ತಟ್ಟೆಯಿಂದಲ್ಲ, ಅಡುಗೆಯಿಂದಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಅಕ್ಕ ಮನೆಯಲ್ಲಿ ಮೊದಲರ್ಧವನ್ನಷ್ಟೇ ಹೇಳಿ, ಹಾಸಿಗೆ ಬೇರೆ ಮಾಡಿ, "ಇಬ್ಬರೂ ಪರೀಕ್ಷೆ ಮಾಡಿಸಿ, ಲಸಿಕೆ ಹಾಕಿಸ್ಕೊಳ್ಳಿ" ಎಂದಳು. ಉಳಿದರ್ಧ ಹೇಳಿದರೆ ಆ ಕ್ಷಣವೇ ಮತ್ತೆ ಸೌಟು ಹಿಡಿಯಬೇಕು. ಯಾರೂ ಕೇಳಲೂ ಇಲ್ಲ. ಕೇಳದೆ ಬಾಯಿ ಬಿಡದ ಸೊಸೆ ಎಂದು ಅತ್ತೆಯೇ ಊರೆಲ್ಲ ಹೊಗಳಿದ್ದರಲ್ಲ.

ಅತ್ತೆ ಮರುದಿನವೇ ಹೋಗಿಬಂದರು. ಗಂಡನಿಗೆ ಮಾತ್ರ ಸೂಜಿ ಎಂದರೆ ಜೀವ ಬಾಯಿಗೆ ಬರುತ್ತದೆ. ಸೂಜಿಯ ದುಡಿಮೆ ಉಂಡ ಗಂಡಸು! ಬದಲಿಗೆ ಹೆಂಡತಿಗೆಂದು ಯಾರೋ ಹೇಳಿದ ಬೇರಿನ ಪುಡಿ ತಂದ. ಅಕ್ಕ ಫೋನಿನಲ್ಲಿ ಡಾಕ್ಟರಮ್ಮನನ್ನು ಕೇಳಿದಳು. "ಇರೋ ಲಿವರನ್ನೂ ಹಾಳುಮಾಡ್ಕೋಬೇಡಿ" ಎಂದು ಬೈಸಿಕೊಂಡು ಪುಡಿಯನ್ನು ಕಸಕ್ಕೆ ಸುರಿದಳು.

ಆರು ವಾರ ತಾಯಿಮಗನ ಕೈಯಲ್ಲಿ ಪಾತ್ರೆಗಳು ಸೀದವು. ಅಕ್ಕನ ವಾಕರಿಕೆ ಇಳಿಯಿತು. ಅಷ್ಟರಲ್ಲಿ ಪಾತ್ರೆ ಉಜ್ಜುವ ಗಂಡನ ಕೈ ತುರಿಸತೊಡಗಿತು. ಕಾಯಿಲೆ ಬಂದೇಬಿಟ್ಟಿತೆಂದು ಎದ್ದು ಬಿದ್ದು ಆಸ್ಪತ್ರೆಗೆ ಓಡಿದ. ವಾಪಸಾದವನು ಚಪ್ಪಲಿ ಬಿಡದೆ ಮನೆಯೊಳಗೆ ಬಂದ.

"ಸೋಪಿನ ತುರಿಕೆಯಂತೆ! ಅಡುಗೆಯಿಂದ ಹರಡೋದೇ ಇಲ್ಲ ಅಂದ್ರು ನರ್ಸು. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ರಕ್ತ ಏನಂತೆ ನಿಮ್ದು?"

"ಏನೂ ಇಲ್ವಂತೆ. ಮೊದಲ ಲಸಿಕೆ ಹಾಕಿದ್ರು. ಇನ್ನೂ ಎರಡಿದೆ."

ಅಕ್ಕ ನಿರಾಳವಾಗಿ ದಿಂಬಿಗೆ ಒರಗಿದಳು.

"ಹಾಗಾದ್ರೆ ನಾಳೆಯಿಂದ ಅಡುಗೆ..."

"ಧೈರ್ಯವಾಗಿ ಮಾಡಿ. ಅದರಿಂದ ಯಾರಿಗೂ ಏನೂ ಆಗಲ್ಲ ಅಂತ ನರ್ಸೇ ಹೇಳಿದ್ದಾರಲ್ಲ. ನಂಗೆ ಸುಸ್ತು ಇಳಿದ ಮೇಲೆ ಸರದಿ ಹಾಕ್ಕೊಳ್ಳೋಣ."

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡು, ಈರುಳ್ಳಿಯ ಬುಟ್ಟಿಯನ್ನು ಮೆಲ್ಲಗೆ ಮಗನ ಕಡೆ ತಳ್ಳಿದರು.