ರಂಗನಾಯಕನ ಎರಡು ಬಾಲದ ವಿಮಾನ

ಹೊನ್ನೂರಿನಲ್ಲಿ ಶಿವರತ್ನಮ್ಮನಷ್ಟು ಅಚ್ಚುಕಟ್ಟಾಗಿ ಮನೆ ಇಟ್ಟುಕೊಳ್ಳುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಅಂಥವಳ ನಡುಮನೆಗೆ ಮೂರು ದಿನದಿಂದ ಪೊರಕೆ ತಾಗಿರಲಿಲ್ಲ. ಕಾರಣ, ಗಂಡ ರಂಗನಾಯಕ ಮತ್ತು ಅವನ ಅಂಗೈಯಗಲದ ವಿಮಾನ.

ರಂಗನಾಯಕ ವಾಯುಪಡೆಯಲ್ಲಿ ಹದಿನೈದು ವರ್ಷ ಫಿಟ್ಟರ್ ಆಗಿದ್ದವನು. ವ್ಯಾಂಪೈರ್ ಎಂಬ ಹಳೇ ಕಾಲದ, ಎರಡು ಬಾಲದ ಜೆಟ್ ಯುದ್ಧವಿಮಾನಗಳ ಸ್ಕ್ರೂ ಬಿಗಿದು ಬಿಗಿದು, ಎಪ್ಪತ್ತೇಳನೇ ಇಸವಿಯಲ್ಲಿ ಪಿಂಚಣಿ ತಕ್ಕೊಂಡು ಊರಿಗೆ ಬಂದ. ಬಂದವನು ಗದ್ದೆ ನೋಡಿಕೊಂಡು ತೆಪ್ಪಗಿದ್ದನೇ? ಹಳೆಯ ಗೆಳೆಯನೊಬ್ಬ ಪಾರ್ಸಲ್ ಮಾಡುವ, ಪುಟ್ಟ ವಿಮಾನ ಜೋಡಿಸುವ ಪ್ಲಾಸ್ಟಿಕ್ ಕಿಟ್‌ಗಳನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಹರವಿಕೊಂಡು, ಚೂರುಗಳನ್ನು ಚಿಮುಟದಲ್ಲಿ ಹಿಡಿದು ಅಂಟಿಸಿ, ಉಜ್ಜಿ, ಬಣ್ಣ ಬಳಿಯುತ್ತ ಹನ್ನೊಂದು ವರ್ಷ ಕಳೆದ. ಬಾಲದ ಬಣ್ಣ ಒಂದು ಚೂರು ಕಪ್ಪಾಯಿತೆಂದು ಆರು ತಿಂಗಳ ಕೆಲಸವನ್ನು ಕೆರೆದು ಹಾಕಿದ್ದ. ಶಾಲೆಯ ಮೇಷ್ಟ್ರು 'ರಾಕೆಟ್ ಚೆನ್ನಾಗಿದೆ' ಎಂದದ್ದೇ ತಪ್ಪಾಗಿ, ಪಾಪ ಅವರು ಒಂದು ಗಂಟೆ ನಿಂತು ಪಾಠ ಕೇಳಬೇಕಾಯಿತು.

ಈ ಸಲ ಪೈಲೆಟ್ ಕೂರುವ ಜಾಗದ ಮೇಲಿನ ಮುಚ್ಚಳ, ಉಗುರಗಲದ್ದು, ಗಾಜಿನಂಥದ್ದು, ಚಿಮುಟದಿಂದ ಚಿಮ್ಮಿ ಎಲ್ಲೋ ಬಿತ್ತು. ನೆಲದ ಮೇಲೆ ಅದು ಕಣ್ಣಿಗೆ ಬೀಳುವ ಮಾತೇ ಇಲ್ಲ. ಯಾರೂ ಗುಡಿಸಕೂಡದೆಂದು ಕಟ್ಟಪ್ಪಣೆಯಾಯಿತು. ಕಿಟಕಿಯ ಕಡೆಯಿಂದ ಶುರುಮಾಡಿ, ಮೊಣಕಾಲೂರಿ, ಅಂಗುಲ ಅಂಗುಲ ಹುಡುಕುತ್ತ ಬಂದ. ಮೂರನೇ ದಿನವೂ ಬಾಗಿಲ ಕಡೆಯ ಅರ್ಧ ಬಾಕಿ ಇತ್ತು.

ಆವತ್ತೇ ಮಗಳು ದೀಪಳನ್ನು ನೋಡಲು ಅಗರದಿಂದ ಗಂಡಿನವರು ಬರುವುದಿತ್ತು. ಹುಡುಗ ಶಂಕರ್, ಕುಂತೂರಿನಲ್ಲಿ ಕೆಲಸ. ದೀಪ ಅವನನ್ನು ಯಳಂದೂರು ಬಸ್ಸಿನಲ್ಲಿ ಕಂಡು ಮನಸ್ಸಿನಲ್ಲೇ ಒಪ್ಪಿದ್ದಳು. ಹಿಂದಿನ ಎರಡು ಸಂಬಂಧ ಮುರಿದಿದ್ದವು. ಇದೂ ತಪ್ಪಿದರೆ ಆ ಹುಡುಗಿಯ ಮುಖ ಹೇಗೆ ನೋಡುವುದೆಂದು ಶಿವರತ್ನಮ್ಮನಿಗೆ ದಿಗಿಲು.

"ಎಣ್ಣು ನೋಡಕ್ಕೆ ಬತ್ತಾವ್ರೆ, ನಿಮ್ಗೆ ಮುಚ್ಚಳದ ಚಿಂತೆ! ಇವ್ರ ಮನೇಲಿ ಪೊರ್ಕೆನೇ ಇಲ್ಲ ಅನ್ಕತಾರೆ ಕಣ್ರಿ!" ಎಂದು ಹಣೆ ಚಚ್ಚಿಕೊಂಡಳು.

"ಜಗುಲಿ ಮ್ಯಾಲೆ ಕೂರ್ಸಮ್ಮಿ," ಎಂದ ಮಹಾರಾಯ, ತಲೆ ಎತ್ತದೆ.

ಹೇಳಿದ ಹೊತ್ತಿಗೆ ಅಗರದವರು ಬಂದರು. ಹುಡುಗನ ತಾಯಿ ಚಿಕ್ಕಬಸಮ್ಮ ಕಾಲು ತೊಳೆದು ಹೊಸಿಲು ದಾಟಲು ಕಾಲೆತ್ತಿದಳು.

"ನಿಲ್ಲಿ! ಕಾಲಿಡ್ಬ್ಯಾಡಿ!" ರಂಗನಾಯಕ ನೆಲದಿಂದಲೇ ಕಿರುಚಿದ.

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಶಿವರತ್ನಮ್ಮನಿಗೆ. ಚಿಕ್ಕಬಸಮ್ಮ ನೆಲದ ಧೂಳನ್ನು ಒಮ್ಮೆ, ಮೊಣಕಾಲೂರಿದ ಬೀಗನನ್ನು ಒಮ್ಮೆ ನೋಡಿ, "ಬಾ ಶಂಕ್ರ, ಓಗವ. ಒಸ್ಲಲ್ಲೇ ತಡೆಯೋ ಮನೆ ನಮ್ಗೆ ಬ್ಯಾಡ," ಎಂದು ತಿರುಗಿದಳು. ಅಡುಗೆಮನೆ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ದೀಪಳ ಕಣ್ಣು ತುಂಬಿತು. ರಂಗನಾಯಕ ಅದನ್ನು ನೋಡಿದ.

ನೋಡಿದವನು ಎದ್ದ. ಇನ್ನೂ ಹುಡುಕದ ಆ ಅರ್ಧ ನೆಲದ ಮೇಲೆ ಬಾಗಿಲಿನತ್ತ ದಡದಡ ನಡೆದ. ನಡುವೆ ಅವನ ಕಾಲಡಿ ಚಟ್ ಎಂದಿತು. ಶಿವರತ್ನಮ್ಮನಿಗೆ ಕೇಳಿಸಿತು. ಅವನಿಗೂ ಕೇಳಿಸಿರಬೇಕು, ಒಂದು ಗಳಿಗೆ ತಡೆದ. ಬಗ್ಗಿ ನೋಡಲಿಲ್ಲ. ಹೊಸಿಲಿಗೆ ಹೋಗಿ ಕೈಮುಗಿದ.

"ತಪ್ಪಾಯ್ತು ಕಣವ್ವ. ನಿಮ್ ಕಾಲ್ಗೆ ಏನಾರ ಚುಚ್ಚಾತು ಅಂತ ಕೂಗ್ಬುಟ್ಟೆ. ಒಳಕ್ಕೆ ಬನ್ನಿ."

ಬಂದರು. ಕಾಫಿಯಾಯಿತು, ಮಾತಾಯಿತು. ಚಿಕ್ಕಬಸಮ್ಮ ಬಿಗಿದ ಮುಖ ಸಡಿಲಿಸಿ, ಬರುವ ಸೋಮವಾರವೇ ಎಲೆ ಅಡಿಕೆ ಬದಲಾಯಿಸೋಣ ಎಂದಳು. ಶಂಕರ್ ಮಾತ್ರ ಮೇಜಿನ ಮೇಲಿನ ವಿಮಾನದಿಂದ ಕಣ್ಣು ಕೀಳಲಿಲ್ಲ.

"ಏನ್ ಕೆಲ್ಸ ಸಾ ಇದು! ಆದ್ರೆ ಪೈಲೆಟ್ ತಲೆ ಮ್ಯಾಲೆ ಗಾಜು ಇರ್ಬೇಕಲ್ವಾ?"

ರಂಗನಾಯಕ ಕಾಲನ್ನು ಪಂಚೆಯೊಳಗೆ ಮಡಚಿಕೊಂಡು ಕೂತಿದ್ದ.

"ಇಲ್ಲ ಕಣಪ್ಪ. ಇದ್ಕೆ ಗಾಜಿಲ್ಲ. ಇದು ಇಂಗೇಯ."

ಶಿವರತ್ನಮ್ಮ ಅವನ ಮಡಚಿದ ಕಾಲನ್ನೇ ನೋಡಿದಳು. ಆ ಮೇಜನ್ನು ಒಲೆಗೆ ಹಾಕುತ್ತೇನೆಂದು ಹನ್ನೊಂದು ವರ್ಷ ಬೈದವಳು ಅವಳೇ. ಈಗಲೂ ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ಹರಿಹಾಯುವುದೆಂದು ತೋಚದೆ ಖಾಲಿ ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು.