ತಂಪಣ್ಣನ ವಿಮಾನಕ್ಕೆ ಬಿಸಿ ಬಂದದ್ದು

ಫ್ರಿಜ್ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ತಂಪಣ್ಣ. ಫ್ರಿಜ್ ಯಾವುದೇ ಇರಲಿ, ಏನೇ ಕೆಟ್ಟಿರಲಿ, ಆತ ಮೊದಲು ಕೈ ಹಾಕುವುದು ಬಾಗಿಲಿನ ರಬ್ಬರಿಗೆ. ಒಂದು ಕಾಗದದ ಚೂರನ್ನು ಸಂದಿಗಿಟ್ಟು ಬಾಗಿಲು ಮುಚ್ಚಿ ಎಳೆಯುತ್ತಾನೆ. ಕಾಗದ ಸಲೀಸಾಗಿ ಬಂತೋ, ಮನೆಯೊಡತಿಗೆ ಪಾಠ ಶುರು: "ಎಲ್ಲಾ ಸಂದೀಲೇ ಇರೋದು ಅಮ್ಮಾ. ಸಂದಿ ಮುಚ್ಚಿದ್ರೆ ಅರ್ಧ ಕೆಲಸ ಮುಗೀತು."

ಇಂಥವನು ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನ ಕಟ್ಟಿದ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ವಿಮಾನ ಹಾರುತ್ತದೆ. ಕಟ್ಟಿದ್ದು ಅವನೊಬ್ಬನೇ ಅಲ್ಲ. ತಗಡು ಜೋಡಿಸಲು ಅವನು ಹೊರಗಿನಿಂದ ರಿವೆಟ್ ಮೊಳೆ ಬಡಿಯುವಾಗ ಒಳಗೆ ಕುಕ್ಕರುಗಾಲಲ್ಲಿ ಕೂತು ಅದರ ತುದಿಗೆ ಕಬ್ಬಿಣದ ತುಂಡು ಒತ್ತಿಹಿಡಿದವಳು ಹೆಂಡತಿ. ಒಂದೊಂದು ಏಟೂ ಅವಳ ಹಲ್ಲಿನವರೆಗೆ ಹೋಗುತ್ತಿತ್ತು. ಎರಡನೆಯ ಸೀಟು ಅವಳದೇ. ಅದರ ಹೊದಿಕೆಯ ಬಣ್ಣ ಆರಿಸಿದವಳೂ ಅವಳೇ.

ಕಳೆದ ಚಳಿಗಾಲ ಬೆಟ್ಟಗಳ ಮೇಲೆ ಹಾರಿ ಇಳಿದಾಗ ಅವಳ ಕೈಕಾಲು ಮರಗಟ್ಟಿತ್ತು, ತುಟಿ ನೀಲಿಗಟ್ಟಿತ್ತು. "ಊರಿನ ಹಾಲು ಮೊಸರೆಲ್ಲ ತಣ್ಣಗಿಟ್ಟಿದ್ದು ಸಾಲ್ದು ಅಂತ ನನ್ನನ್ನೂ ಇಟ್ರಾ? ಇನ್ನು ಈ ಡಬ್ಬಾ ಹತ್ತಿದ್ರೆ ಕೇಳಿ!" ಎಂದು ಶಾಲು ಹೊದ್ದು ಮನೆಯತ್ತ ಹೊರಟುಹೋದಳು.

ಅಂದಿನಿಂದ ಅವಳ ಸೀಟಿನಲ್ಲಿ ಕೂತದ್ದು ಟೂಲ್ ಬಾಕ್ಸ್. ಅದಕ್ಕೆ ಬೆಲ್ಟ್ ಬಿಗಿದು ತಂಪಣ್ಣ ಒಬ್ಬನೇ ಹಾರುತ್ತಿದ್ದ. ಚೆಂದದ ಮೋಡ ಕಂಡರೆ "ನೋಡೇ" ಎಂದು ತಿರುಗುವುದು, ಪೆಟ್ಟಿಗೆ ಕಂಡು ಸುಮ್ಮನಾಗುವುದು. ಅವಳಿಲ್ಲದೆ ಅವನಿಗೆ ನಿಜಕ್ಕೂ ಬೇಸರವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು. ಈ ಪುಣ್ಯಾತ್ಮ ವಿಮಾನದ ಹೀಟರ್ ದೊಡ್ಡದು ಮಾಡಲು ಹೊರಟ.

ಹಳೆಯ ಏರ್ಪಾಡು ಸರಳ. ಇಂಜಿನ್ನಿನ ಹೊಗೆಕೊಳವೆಯ ಸುತ್ತ ಒಂದು ತಗಡಿನ ಕವಚ. ಅದರೊಳಗೆ ಹೊರಗಿನ ಗಾಳಿ ನುಗ್ಗಿ, ಕಾದು, ಪೈಪಿನಲ್ಲಿ ಕಾಲಬುಡಕ್ಕೆ ಬರಬೇಕು. ಬರುತ್ತಿದ್ದದ್ದು ಯಾರೋ ಉಫ್ ಎಂದಷ್ಟು. ತಂಪಣ್ಣ ಕವಚ ಉದ್ದ ಮಾಡಿದ, ಪೈಪು ದಪ್ಪ ಮಾಡಿದ, ಅವಳ ಕಾಲಿನ ಕಡೆಗೂ ಒಂದು ಕವಲು ಎಳೆದ. ಹೊಗೆ ಸೋರಿದರೆ ಕಿರುಚುವ ಅಲಾರಂ ಕೂರಿಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಸುಬು ಬಿಡಬೇಕಲ್ಲ! ಗುಜರಿ ಫ್ರಿಜ್‌ಗಳ ರಬ್ಬರ್ ತಂದು ವಿಮಾನದ ಬಾಗಿಲಿಗೆ ಬಿಗಿದ. ಕಂಡ ಕಂಡ ಸಂದಿಗೆಲ್ಲ, ಸೀಟಿನ ಹಿಂದಿದ್ದ ಗಾಳಿಕಿಂಡಿಗೂ, ಸ್ಪಂಜು ತುರುಕಿದ. ಕೊನೆಗೆ ಕಾಗದ ಇಟ್ಟು ಎಳೆದು ನೋಡಿದ. ಕಾಗದ ಹರಿಯಿತೇ ಹೊರತು ಈಚೆ ಬರಲಿಲ್ಲ. ತಂಪಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮೊದಲ ಬಿಸಿ ಅವಳ ಕಾಲಿಗೇ ತಾಗಬೇಕೆಂಬ ಹಟದಲ್ಲಿ ತಾನೊಬ್ಬನೇ ಪರೀಕ್ಷಿಸಲೂ ಇಲ್ಲ. ಅವಳನ್ನು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು.

"ನೆಲದ ಮೇಲೆ ಐದು ನಿಮಿಷ ಕೂರ್ತೀನಿ, ಅಷ್ಟೇ. ಚಕ್ರ ನೆಲ ಬಿಟ್ರೆ ನೀವು ಮನೆ ಬಿಡ್ಬೇಕಾಗತ್ತೆ," ಎಂದಳು. ಟೂಲ್ ಬಾಕ್ಸ್ ಕೆಳಗಿಳಿಸುತ್ತಿದ್ದವನಿಗೆ, "ದೂರ ಇಡ್ಬೇಡಿ. ಮತ್ತೆ ಅದೇ ತಾನೆ ಕೂರೋದು?" ಎಂದೂ ಸೇರಿಸಿದಳು.

ಊರಾಚೆಯ ರನ್‌ವೇ ಪಕ್ಕದಲ್ಲಿ ಇಂಜಿನ್ ಗುಡುಗಿತು. ತಂಪಣ್ಣ ಹೀಟರಿನ ಗುಂಡಿ ಎಳೆದು ಅವಳ ಮುಖ ನೋಡಿದ. ಅವಳು ತನ್ನ ಕಾಲು ನೋಡಿದಳು. ಬಿಸಿ ಇಲ್ಲ. ಉಫ್ ಕೂಡ ಇಲ್ಲ! ಅವನ ಮುಖ ಸಣ್ಣದಾಯಿತು.

"ರೀ, ಏನೋ ವಾಸನೆ," ಎಂದಳು ಹೆಡ್‌ಫೋನಿನಲ್ಲಿ.

ಅವನು ಅಲಾರಂ ಕಡೆ ತಿರುಗಿದ. ಹೊಗೆಯೇ? ಅಲಾರಂ ತೆಪ್ಪಗಿತ್ತು. ಮೂಸಿ ಹುಡುಕುತ್ತ ಬಗ್ಗಿದವನ ಮೂಗು ತನ್ನದೇ ಪಾದದ ಬಳಿ ಬಂದು ನಿಂತಿತು. ಚಳಿಗೆಂದು ಮೂರು ಜೊತೆ ಸಾಕ್ಸ್ ಒಂದರ ಮೇಲೊಂದು ಹಾಕಿದ್ದ; ಒಳಗಿನದು ಯಾವಾಗ ಒಗೆದದ್ದೋ ದೇವರೇ ಬಲ್ಲ.

"ಅಯ್ಯೋ ಕರ್ಮವೇ!" ಎಂದು ಅವಳು ಪಕ್ಕದ ಪುಟ್ಟ ಕಿಟಕಿ ಸರಿಸಿ ಮೂಗು ಹೊರಗಿಟ್ಟಳು.

"ಮುಚ್ಚೇ! ಇರೋ ಬಿಸೀನೂ ಹೋಗುತ್ತೆ!"

"ಇದ್ರೆ ತಾನೆ ಹೋಗೋಕೆ?" ಎಂದವಳು ತಟ್ಟನೆ ಕೆಳಗೆ ಬಗ್ಗಿ ನೋಡಿದಳು. ಕಾಲಬುಡದಲ್ಲಿ ಬೆಚ್ಚನೆ ಗಾಳಿ ಭರ್ರೆಂದು ಬರುತ್ತಿತ್ತು.

ಅವನು ಕೈಚಾಚಿ ಕಿಟಕಿ ಮುಚ್ಚಿದ, ಬಿಸಿ ನಿಂತಿತು. ತೆರೆದ, ಬಂತು. ಒಳಗಿನ ಗಾಳಿ ಹೊರಹೋಗಲು ಒಂದು ಸಂದಿಯನ್ನೂ ಬಿಡದೆ, ಬಿಸಿಗಾಳಿ ಒಳಬರುವ ದಾರಿಯನ್ನು ತಾನೇ ಮುಚ್ಚಿದ್ದ. ಇಂಜಿನ್ ನಿಲ್ಲಿಸಿ, ಸೀಟಿನ ಹಿಂದಿನ ಕಿಂಡಿಯ ಸ್ಪಂಜನ್ನು ಕಿತ್ತೆಸೆದು, ನಾಚಿಕೆಯಿಂದ ತಲೆ ಕೆರೆದುಕೊಳ್ಳುತ್ತ ನಿಂತ.

"ಐದು ನಿಮಿಷ ಆಯ್ತು. ಇಳೀತೀಯಾ?" ಎಂದು ಮೆಲ್ಲಗೆ ಕೇಳಿದ. ಆಮೇಲೆ, ಅದು ಹೇಗೆ ಬಾಯಿಗೆ ಬಂತೋ, "ಆ ಪೆಟ್ಟಿಗೆ ಜೊತೆ ಮಾತಾಡಿ ಮಾತಾಡಿ ಸಾಕಾಗಿದೆ ಕಣೇ," ಎಂದುಬಿಟ್ಟ.

ಅವಳು ಅವನನ್ನೇ ನೋಡಿದಳು. ಬೆಲ್ಟನ್ನು ಬಿಚ್ಚಲಿಲ್ಲ, ಇನ್ನಷ್ಟು ಬಿಗಿದುಕೊಂಡಳು.

"ಅದನ್ನ ದೂರ ಇಟ್ಟು ಬನ್ನಿ," ಎಂದಳು. "ಹಾಗೇ ಆ ಸಾಕ್ಸೂ."